‘ಹ್ಯಾವ್’ ಎಂಬ ಕ್ರಿಯಾಪದ



ಇಂಗ್ಲಿಷಿನ ‘ಹ್ಯಾವ್’ ಎಂಬ ಕ್ರಿಯಾಪದ ನಾವು ದಿನವೂ ಕೇಳುವಂಥದು. ಆದರೂ ಅದಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕಿದರೆ ಸಿಗುವುದಿಲ್ಲ. ನಿಘಂಟು ‘ಹೊಂದಿರು’ ಎನ್ನುತ್ತದೆ. ಮನೆಯಲ್ಲಿ ನಾವು ಹಾಗೆ ಆಡುತ್ತೇವೆಯೆ?

‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’, ‘ನನ್ನ ಹತ್ತಿರ ಪೆನ್ನಿದೆ’, ‘ಮಗುವಿಗೆ ಜ್ವರ ಬಂದಿದೆ’, ‘ಕಾಫಿ ಕುಡಿದೆವು’, ‘ನಾವು ಹೋಗಬೇಕು’ — ಈ ಐದು ಮಾತಿಗೂ ಇಂಗ್ಲಿಷರಿಗೆ ‘ಹ್ಯಾವ್’ ಒಂದೇ ಸಾಕು. ನಮ್ಮಲ್ಲಿ ನಂಟಿಗೆ ‘ನನಗೆ’, ಕೈಯಲ್ಲಿರುವ ವಸ್ತುವಿಗೆ ‘ನನ್ನ ಹತ್ತಿರ’, ಬೇನೆಗೆ ‘ಬಂದಿದೆ’. ನೆರೆಯ ಮರಾಠಿಯಲ್ಲಿಯೂ ಸುಮಾರಾಗಿ ಇದೇ ಕ್ರಮ.

ನೌಕರಿಗೆ ಅರ್ಜಿ ಬರೆಯುವ ತರುಣರು ಇನ್ನೊಂದನ್ನು ಗಮನಿಸಬೇಕು. ‘ಐ ಹ್ಯಾವ್ ಎ ಡಿಗ್ರಿ’ ಎಂಬುದು ಸರಿ. ‘ಐ ಆಮ್ ಹ್ಯಾವಿಂಗ್ ಎ ಡಿಗ್ರಿ’ ಎಂಬುದು ತಪ್ಪು. ಪದವಿ ಇರುವುದು ಒಂದು ಸ್ಥಿತಿ, ನಡೆಯುತ್ತಿರುವ ಕೆಲಸವಲ್ಲ. ಊಟವಾದರೋ ಕೆಲಸ, ಆದುದರಿಂದ ‘ಐ ಆಮ್ ಹ್ಯಾವಿಂಗ್ ಲಂಚ್’ ಎನ್ನಬಹುದು.

ಇದಕ್ಕಿಂತ ದೊಡ್ಡ ಚಿಂತೆ ನಮ್ಮ ಮಕ್ಕಳದು. ಹೊರನಾಡಿನಲ್ಲಿ ಇಂಗ್ಲಿಷಿನಲ್ಲೇ ಓದಿ ಬೆಳೆಯುವ ಮಗು ‘ನಾನು ಇಬ್ಬರು ಅಣ್ಣಂದಿರನ್ನು ಹೊಂದಿದ್ದೇನೆ’ ಎಂದು ಬರೆದರೆ, ಅಕ್ಷರ ಕನ್ನಡವಾದರೂ ಮಾತು ಕನ್ನಡವಾಗದು. ಅಣ್ಣಂದಿರೇನು ಆಸ್ತಿಯೆ?

ಆದುದರಿಂದ ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ವಾಕ್ಯಗಳನ್ನೇ ಜೋಡಿಯಾಗಿ ಬರೆದುಕೊಳ್ಳೋಣ. ಎಡಗಡೆ ಇಂಗ್ಲಿಷರು ಆಡುವಂತೆ, ಬಲಗಡೆ ನಮ್ಮ ಅಜ್ಜಿ ಆಡುವಂತೆ. ದಿನಕ್ಕೆ ಎರಡು ಜೋಡಿ ಸಾಕು. ಇಂಗ್ಲಿಷೂ ಬರುತ್ತದೆ, ಮನೆಯ ಕನ್ನಡವೂ ಕೆಡುವುದಿಲ್ಲ.