ಕಿತ್ತಳೆಯನ್ನು ಒತ್ತಾಗಿ ನೆಡಬಹುದೆ?

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತರ ಕೂಟದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಹೊಗೆಸೊಪ್ಪಿನ ಬದಲು ಬೇರೆ ಏನು ಹಾಕಬಹುದೆಂದು ಹುಣಸೂರು, ಪಿರಿಯಾಪಟ್ಟಣದ ಕಡೆ ಕೇಳುವವರುಂಟು. ಕೊಡಗು ಪಕ್ಕದಲ್ಲೇ ಇರುವುದರಿಂದ ಕೆಲವರ ಕಣ್ಣು ಕಿತ್ತಳೆಯ ಮೇಲಿದೆ. "ಎಕರೆಗೆ ನೂರು ಗಿಡದ ಬದಲು ಮುನ್ನೂರು ನೆಟ್ಟರೆ ರೋಗ ಬಂದರೂ ನಷ್ಟವಿಲ್ಲವಂತೆ, ನಿಜವೇ ಸ್ವಾಮಿ?" ಎಂದು ಹಿರಿಯರೊಬ್ಬರು ಕೇಳಿದರು. ಇದು ಅರ್ಧ ನಿಜ. ಮಿಕ್ಕ ಅರ್ಧವನ್ನು ತಿಳಿಯದೆ ಯಾರೂ ಹಣ ಹಾಕಬಾರದು.

ಮೊದಲು ರೋಗದ ಮಾತು. ಕೊಡಗಿನ ಕಾಫಿ ತೋಟಗಳಲ್ಲಿ ಕಿತ್ತಳೆ ಮರಗಳು ತುದಿಯಿಂದ ಒಣಗುತ್ತಾ ಬಂದು ಸತ್ತುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಬೇರು ಕೊಳೆ, ಟ್ರಿಸ್ಟೆಜಾ ಎಂಬ ವೈರಸ್, ಗೊಬ್ಬರದ ಕೊರತೆ, ಹೀಗೆ ಕಾರಣಗಳು ಹಲವು. ಇವುಗಳಲ್ಲಿ ಕೆಟ್ಟದ್ದು ಗ್ರೀನಿಂಗ್ ರೋಗ. ಭಾರತದಲ್ಲಿ ಕಿತ್ತಳೆ ಜಾತಿಯ ಮರಗಳು ಒಣಗುವುದಕ್ಕೆ ಇದೇ ಕಾರಣವಿರಬಹುದೆಂದು 1966ರಲ್ಲಿ ಆಸ್ಟ್ರೇಲಿಯದ ಲಿಲಿಯನ್ ಫ್ರೇಸರ್ ಮತ್ತು ನಮ್ಮ ದೇಶದ ವಿಜ್ಞಾನಿಗಳು ಸೇರಿ ಬರೆದರು. ಆಗ ಅದನ್ನು ವೈರಸ್ ಎಂದು ಎಣಿಸಿದ್ದರು. ಬ್ಯಾಕ್ಟೀರಿಯ ಎಂಬುದು ಆಮೇಲೆ ತಿಳಿಯಿತು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ನಾಳಗಳಲ್ಲೇ ಅದರ ವಾಸ. ಹಿಡಿದ ಮರವನ್ನು ಗುಣಪಡಿಸುವ ಔಷಧಿ ಇಂದಿಗೂ ಇಲ್ಲ.

ಇದನ್ನು ಗುರುತಿಸುವುದು ಹೇಗೆ? ಸತುವಿನ ಕೊರತೆಯಾದರೆ ಎಲೆಯ ನಡುನರದ ಎರಡು ಕಡೆಯೂ ಹಳದಿ ಒಂದೇ ಸಮನಾಗಿರುತ್ತದೆ. ಗ್ರೀನಿಂಗ್‌ನಲ್ಲಿ ಹಾಗಲ್ಲ, ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ, ಮಚ್ಚೆ ಮಚ್ಚೆ. ಹಣ್ಣು ಚಿಕ್ಕದಾಗಿ ಸೊಟ್ಟಗಾಗುತ್ತದೆ, ತೊಟ್ಟಿನ ವಿರುದ್ಧ ತುದಿ ಹಸಿರಾಗಿಯೇ ಉಳಿಯುತ್ತದೆ, ಬೀಜ ಜೊಳ್ಳು. ಇದನ್ನರಿಯದೆ ಗೊಬ್ಬರದ ಮೇಲೆ ಗೊಬ್ಬರ ಸುರಿಯುವವರನ್ನು ಕಂಡರೆ ಮರುಕವಾಗುತ್ತದೆ.

ರೋಗ ಹರಡುವುದು ಎರಡು ದಾರಿಯಿಂದ. ಒಂದು, ರೋಗದ ಮರದಿಂದ ತೆಗೆದ ಕಣ್ಣನ್ನು ಕಸಿ ಮಾಡುವುದು. ಇನ್ನೊಂದು, ಸಿಲ್ಲಾ ಎಂಬ ಕೀಟ. ಎಳ್ಳುಕಾಳಿನಷ್ಟು ಗಾತ್ರ, ತಲೆ ತಗ್ಗಿಸಿ ಹಿಂಭಾಗವನ್ನು ಮೇಲೆತ್ತಿ ಕೂರುವುದರಿಂದ ಗುರುತು ಸುಲಭ. ಎಳೆ ಚಿಗುರಿನಲ್ಲೇ ಮೊಟ್ಟೆಯಿಡುತ್ತದೆ. ಹಿತ್ತಿಲ ಕರಿಬೇವಿನ ಚಿಗುರಿನಲ್ಲಿಯೂ ಬೆಳೆಯುತ್ತದೆ.

ಈಗ ಒತ್ತು ನಾಟಿಯ ಲೆಕ್ಕ. 20 ಅಡಿಗೆ 20 ಅಡಿ ಬಿಟ್ಟರೆ ಎಕರೆಗೆ 108 ಗಿಡ. ಸಾಲಿನಿಂದ ಸಾಲಿಗೆ 15 ಅಡಿ, ಗಿಡದಿಂದ ಗಿಡಕ್ಕೆ 10 ಅಡಿ ಬಿಟ್ಟರೆ 290. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಫಲ ತೋರಿಸುತ್ತದೆ. ಆಗ ಗಿಡಗಳು ಚಿಕ್ಕವು, ಒಂದಕ್ಕೊಂದು ತಾಗುವುದಿಲ್ಲ. ಗಿಡಕ್ಕೆ 30 ಹಣ್ಣು ಎಂದಿಟ್ಟುಕೊಂಡರೆ ಒಂದು ಕಡೆ 3,240, ಇನ್ನೊಂದು ಕಡೆ 8,700 ಹಣ್ಣು. ಮರ ಮೂವತ್ತು ವರ್ಷ ಬಾಳುವ ಭರವಸೆ ಇಲ್ಲದಿರುವಾಗ ಮೊದಲ ಹತ್ತು ವರ್ಷದಲ್ಲೇ ಹಾಕಿದ ಹಣ ಕೈಗೆ ಬರಲಿ ಎಂಬುದೇ ಇದರ ಗುಟ್ಟು. ಒಂದು ಗಿಡ ಕಿತ್ತರೂ ತೋಟ ಬೋಳಾಗುವುದಿಲ್ಲ.

ಆದರೆ ಒತ್ತಾಗಿ ನೆಟ್ಟ ಮಾತ್ರಕ್ಕೆ ರೋಗ ದೂರವಾಗದು. ರೋಗದ ಸಸಿಯನ್ನೇ ತಂದರೆ ಖರ್ಚೂ ಸುಮಾರು ಮೂರು ಪಾಲು, ನಷ್ಟವೂ ಅಷ್ಟೆ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಊರು ಹೆಸರಿಲ್ಲದ ಸಸಿ ತರಬೇಡಿ. ಕೀಟ ನುಗ್ಗದ ಬಲೆಮನೆಯಲ್ಲಿ, ಪರೀಕ್ಷೆ ಮಾಡಿದ ತಾಯಿಮರದ ಕಣ್ಣಿನಿಂದ ಕಸಿಯಾದ ಸಸಿಯೇ ಬೇಕು. ಕೊಡಗಿನ ಕಿತ್ತಳೆಯ ಮೇಲೆ ಕೆಲಸ ಮಾಡುವ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ನಮಗೆ ದೂರವೇನಲ್ಲ. ಮೊದಲು ಅಲ್ಲಿ ವಿಚಾರಿಸಿ. ರಂಗಪುರ ನಿಂಬೆಯ ಬೇರಿನ ಮೇಲೆ ಕಟ್ಟಿದ ಕಸಿ ಟ್ರಿಸ್ಟೆಜಾವನ್ನು ತಡೆದುಕೊಳ್ಳುತ್ತದೆ.

ನೆಲವನ್ನೂ ನೋಡಬೇಕು. ಕೃಷ್ಣರಾಜನಗರದ ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ ಕಿತ್ತಳೆಯ ಆಸೆ ಬೇಡ. ನೀರು ನಿಂತರೆ ಬೇರು ಕೊಳೆಯುತ್ತದೆ, ಬುಡದಲ್ಲಿ ಗೋಂದು ಸೋರುತ್ತದೆ. ನೀರು ಬಸಿಯುವ ಕೆಂಪು ನೆಲ ಒಳ್ಳೆಯದು. ಕಸಿಗಂಟು ನೆಲದಿಂದ ಅರ್ಧ ಅಡಿಗೂ ಮೇಲಿರಲಿ. ಬುಡಕ್ಕೆ ನೀರು ತಾಗದಂತೆ ಎರಡು ಸುತ್ತಿನ ಪಾತಿ ಮಾಡಿ, ಇಲ್ಲವೇ ಹನಿ ನೀರಾವರಿ ಹಾಕಿಸಿ. ಮುಂಗಾರಿಗೆ ಮುಂಚೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು ಸೇರಿಸಿದ ಬೋರ್ಡೊ ಮುಲಾಮನ್ನು ಬುಡಕ್ಕೆ ಬಳಿಯಿರಿ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬೇಡಿ. ಒತ್ತು ತೋಟದಲ್ಲಿ ವರ್ಷವರ್ಷವೂ ಕೊಂಬೆ ಸವರಲೇಬೇಕು. ಅದು ಆಗದವರು 20 ಅಡಿಯಲ್ಲೇ ನೆಡುವುದು ಲೇಸು. ಕೋಟೆ ಕಡೆಯ ಕಾಡಂಚಿನವರು ಆನೆಯ ಲೆಕ್ಕವನ್ನೂ ಸೇರಿಸಿಕೊಳ್ಳಿ.

ಅಮೆರಿಕದ ಫ್ಲಾರಿಡಾದಲ್ಲಿ ಈ ರೋಗ ಕಂಡದ್ದು 2005ರಲ್ಲಿ. 2003-04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದ ಆ ಸೀಮೆ 2022-23ರಲ್ಲಿ ಬೆಳೆದದ್ದು 1 ಕೋಟಿ 60 ಲಕ್ಷಕ್ಕೂ ಕಡಿಮೆ. ಬಿರುಗಾಳಿಗಳ ಪಾಲೂ ಅದರಲ್ಲಿ ಇದೆ, ಆದರೂ ದೊಡ್ಡ ಪೆಟ್ಟು ಈ ರೋಗದ್ದೇ. ಹಣಕ್ಕೂ ಯಂತ್ರಕ್ಕೂ ಅಲ್ಲಿ ಕೊರತೆಯಿರಲಿಲ್ಲ. ಒಬ್ಬ ರೋಗದ ಮರ ಕಿತ್ತು ಪಕ್ಕದವನು ಉಳಿಸಿಕೊಂಡರೆ ಕಿತ್ತವನ ಶ್ರಮ ವ್ಯರ್ಥ. ಆದುದರಿಂದ ಚಿಗುರು ಬರುವ ಕಾಲದಲ್ಲಿ ಊರಿನವರೆಲ್ಲ ಒಂದೇ ವಾರದಲ್ಲಿ ಔಷಧಿ ಹೊಡೆಯಬೇಕು. ಫಲ ಕೊಡುತ್ತಿರುವ ಮರವನ್ನು ಕಡಿಯುವುದು ಕರುಳು ಚುರುಕ್ಕೆನ್ನುವ ಕೆಲಸ, ಬಲ್ಲೆ. ಆದರೂ ರೋಗ ಖಚಿತವಾದ ಮರಕ್ಕೆ ಮೊದಲು ಔಷಧಿ ಹೊಡೆದು ಕೀಟ ಕೊಂದು, ಅನಂತರ ಬುಡಸಹಿತ ಕೀಳಬೇಕು.

ಮೊದಲ ಸಲಕ್ಕೆ 10 ಗುಂಟೆ ಸಾಕು, 72 ಗಿಡ ಹಿಡಿಯುತ್ತದೆ. ಎಲೆಯ ಮೇಲೆ ಅನುಮಾನ ಬಂದವರು ನನಗೆ ತೋರಿಸಿ. ಕೊಂಬೆ ಮುರಿದು ಕೈಯಲ್ಲಿ ಹಿಡಿದು ತರಬೇಡಿ. ನಾಲ್ಕು ಬಲಿತ ಎಲೆಗಳನ್ನು ಬಾಯಿ ಬಿಗಿದ ಚೀಲದಲ್ಲಿ ತನ್ನಿ, ಇಲ್ಲವಾದರೆ ಕೀಟವೂ ನಿಮ್ಮ ಜೊತೆಯಲ್ಲೇ ಬಸ್ಸು ಹತ್ತೀತು.