ನಮ್ಮ ದುಡ್ಡಿನ ಕಾರ್ಡು, ಸಾಲದ ಕಾರ್ಡು

(ದೇವಳಾಲಿ ಕ್ಯಾಂಪಿನಲ್ಲಿ ಕೂಡಿದ್ದ ಕನ್ನಡ ಹೊಟೆಲ್ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಗಲ್ಲಾ ಮುಚ್ಚಿ, ಒಲೆ ಆರಿಸಿ, ನಿದ್ದೆಯ ಹೊತ್ತಿನಲ್ಲಿ ತಾವೆಲ್ಲ ಬಂದು ಕೂತಿದ್ದೀರಿ. ಆದ್ದರಿಂದ ಪೀಠಿಕೆ ಬೆಳೆಸುವುದಿಲ್ಲ. ದಿನನಿತ್ಯದ ಖರೀದಿಗೆ ಡೆಬಿಟ್ ಕಾರ್ಡು ಒಳ್ಳೆಯದೋ, ಕ್ರೆಡಿಟ್ ಕಾರ್ಡು ಒಳ್ಳೆಯದೋ ಎಂಬುದು ಈ ರಾತ್ರಿ ನನಗೆ ಕೊಟ್ಟ ವಿಷಯ. ಇದು ಸಾಹುಕಾರರ ಮಾತು, ನಮಗೇಕೆ ಎಂದು ಬರುವಾಗ ದಾರಿಯಲ್ಲಿ ಒಬ್ಬರು ಕೇಳಿದರು. ಈಗ ತಟ್ಟೆ ಎತ್ತುವ ಹುಡುಗನ ಕಿಸೆಯಲ್ಲೂ ಕಾರ್ಡು ಇದೆ. ಸಂಬಳ ಖಾತೆಗೆ ಬೀಳುತ್ತದೆ, ಖಾತೆಯ ಬೆನ್ನಿಗೇ ಬ್ಯಾಂಕಿನ ಏಜಂಟನ ಫೋನು ಬರುತ್ತದೆ. ಸಾಹುಕಾರನು ಈ ಕಾರ್ಡಿನಲ್ಲಿ ತಪ್ಪು ಲೆಕ್ಕ ಹಾಕಿದರೆ ಅವನ ಲಾಭದಲ್ಲಿ ಸ್ವಲ್ಪ ಕಡಿಮೆಯಾದೀತು. ನಮ್ಮ ಲೆಕ್ಕ ತಪ್ಪಿದರೆ ಊರಿಗೆ ಹೋಗುವ ಮನಿಆರ್ಡರು ನಿಲ್ಲುತ್ತದೆ. ಈಗ ಮನಿಆರ್ಡರು ಎಂದರೆ ಫೋನಿನಲ್ಲಿ ಕಳಿಸುವ ಹಣ, ಆದರೆ ಊರಿನಲ್ಲಿ ಕಾಯುವ ತಾಯಿ ಅವಳೇ.

ನಾವು ಕೂತಿರುವ ಈ ಜಾಗಕ್ಕೂ ನೋಟು ಅಚ್ಚಾಗುವ ಜಾಗಕ್ಕೂ ಹೆಚ್ಚು ದೂರವಿಲ್ಲ. ನಾಶಿಕ್ ರೋಡಿನಲ್ಲಿ ಇಂಡಿಯಾ ಸೆಕ್ಯುರಿಟಿ ಪ್ರೆಸ್ಸು 1925ರಲ್ಲಿ, ನೋಟು ಅಚ್ಚುಹಾಕುವ ಕರೆನ್ಸಿ ನೋಟ್ ಪ್ರೆಸ್ಸು 1928ರಲ್ಲಿ ಶುರುವಾದುವು. ನೋಟಿಗೆ ಒಂದು ಗುಣವಿದೆ. ಕೈಯಿಂದ ಹೋಗುವಾಗ ಅದು ಗೊತ್ತಾಗುತ್ತದೆ. ಹತ್ತು ನೋಟಿದ್ದಲ್ಲಿ ಏಳು ಉಳಿದರೆ ಕಿಸೆ ಹೇಳುತ್ತದೆ. ಕಾರ್ಡು ಹಾಗೆ ಹೇಳುವುದಿಲ್ಲ. ಸಾವಿರ ಹೋದರೂ ಅಷ್ಟೇ ತೂಕ, ಹತ್ತು ಸಾವಿರ ಹೋದರೂ ಅಷ್ಟೇ ತೂಕ. ಎರಡು ಬಗೆಯ ಕಾರ್ಡೂ ನೋಡಲು ಒಂದೇ ಅಳತೆ, ಒಂದೇ ಹೊಳಪು. ಮಷಿನಿನಲ್ಲಿ ತೂರಿಸಿದರೆ ಅದೇ ಶಬ್ದ. ಒಳಗಿನ ವ್ಯವಹಾರ ಮಾತ್ರ ಪೂರ್ವ ಪಶ್ಚಿಮ.

ಡೆಬಿಟ್ ಕಾರ್ಡು ಎಂದರೆ ನಮ್ಮ ಖಾತೆಯ ಬೀಗದ ಕೈ. ಒಳಗೆ ಇದ್ದಷ್ಟು ತೆಗೆಯಬಹುದು, ಮುಗಿದರೆ ಬಾಗಿಲು ತೆರೆಯುವುದಿಲ್ಲ. ಕ್ರೆಡಿಟ್ ಕಾರ್ಡು ಎಂದರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ಇವತ್ತು ಕೊಂಡದ್ದನ್ನು ಬ್ಯಾಂಕು ತನ್ನ ಹಣದಿಂದ ಕೊಡುತ್ತದೆ. ಬಿಲ್ಲಿನ ತಿಂಗಳು ಮುಗಿದ ಮೇಲೆ ಸಾಮಾನ್ಯವಾಗಿ ಇನ್ನು ಹದಿನೆಂಟು ಇಪ್ಪತ್ತು ದಿನದೊಳಗೆ ನಾವು ತೀರಿಸಬೇಕು. ಪೂರ್ತಿ ತೀರಿಸಿದರೆ ಬಡ್ಡಿ ಇಲ್ಲ. ಇಷ್ಟರಮಟ್ಟಿಗೆ ಅದು ಕಿರಾಣಿಯವನಿಗಿಂತ ಕೆಟ್ಟದ್ದಲ್ಲ, ನಿಜ ಹೇಳಬೇಕು.

ಕಿರಾಣಿಯವನ ಪುಸ್ತಕದಲ್ಲಿ ಬಾಕಿ ಉಳಿದರೆ ಏನಾಗುತ್ತದೆ? ನಾಲ್ಕು ಜನರ ಎದುರು ಮಾತು ಕೇಳಬೇಕಾಗುತ್ತದೆ, ಬೆಲ್ಲ ಸಕ್ಕರೆ ಕೊಡುವುದು ನಿಲ್ಲಿಸುತ್ತಾನೆ. ನಾಚಿಕೆಗೆ ಅಂಜಿ ನಾವೇ ಕೈ ಬಿಗಿಹಿಡಿಯುತ್ತೇವೆ. ಕಾರ್ಡಿನವನು ಹಾಗಲ್ಲ. ಬಾಕಿ ಉಳಿಸಿದಾಗಲೇ ಅವನಿಗೆ ಪ್ರೀತಿ ಹೆಚ್ಚು. ಬಿಲ್ಲಿನ ಮೇಲೆ ಎರಡು ಮೊತ್ತ ಅಚ್ಚುಹಾಕಿ ಕಳಿಸುತ್ತಾನೆ. ಒಂದು ಪೂರ್ತಿ ಬಾಕಿ. ಇನ್ನೊಂದು ‘ಮಿನಿಮಮ್’, ಅಂದರೆ ಇಷ್ಟಾದರೂ ಕಟ್ಟು ಎಂಬ ಸಣ್ಣ ಮೊತ್ತ. ಈ ಮಿನಿಮಮ್ಮನ್ನು ನಮ್ಮವರು ಹೊಟೆಲಿನ ಹಾಫ್ ಪ್ಲೇಟಿನ ಹಾಗೆ ತಿಳಿದಿದ್ದಾರೆ, ಅಷ್ಟು ಕೊಟ್ಟರೆ ಅಷ್ಟರ ಮಟ್ಟಿಗೆ ಮುಗಿಯಿತು ಎಂದು. ಅದರ ಲೆಕ್ಕವನ್ನು ಕಾಗದದ ಮೇಲೆ ಬರೆದು ತಂದಿದ್ದೇನೆ. ನಿಧಾನವಾಗಿ ಕೇಳಿರಿ.

ಒಬ್ಬ ಸಪ್ಲಯರನ ಕಾರ್ಡಿನಲ್ಲಿ 20,000 ರೂ. ಬಾಕಿ ಬಂದಿದೆ ಎಂದಿಟ್ಟುಕೊಳ್ಳಿ. ಮಿನಿಮಮ್ ನೂರಕ್ಕೆ ಐದು, ಅಂದರೆ 1,000 ರೂ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. ಇದು ನಾನು ಭಯಪಡಿಸಲು ಹೇಳಿದ ದರವಲ್ಲ, ಅನೇಕ ಕಾರ್ಡುಗಳಲ್ಲಿ ಈ ಆಸುಪಾಸಿನಲ್ಲೇ ಇದೆ. ಅವನು ಸಾವಿರ ಕಟ್ಟಿದ. ಉಳಿದದ್ದು 19,000. ಅದಕ್ಕೆ ಒಂದು ತಿಂಗಳ ಬಡ್ಡಿ 665 ರೂ. ಬಡ್ಡಿಯ ಮೇಲೆ ನೂರಕ್ಕೆ ಹದಿನೆಂಟರಂತೆ ಜಿ.ಎಸ್.ಟಿ., ಸುಮಾರು 120 ರೂ. ಮುಂದಿನ ಬಿಲ್ಲು 19,785 ರೂ. ಸಾವಿರ ಕೊಟ್ಟದ್ದಕ್ಕೆ ಸಾಲ ಇಳಿದದ್ದು 215 ರೂಪಾಯಿ! ಹೀಗೆ ಹನ್ನೆರಡು ತಿಂಗಳು, ಹೊಸದಾಗಿ ಒಂದು ಬೆಂಕಿಪೊಟ್ಟಣವನ್ನೂ ಕೊಳ್ಳದೆ, ಬರೀ ಮಿನಿಮಮ್ ಕಟ್ಟುತ್ತ ಹೋದರೆ ವರ್ಷಕ್ಕೆ ಅವನ ಕೈಯಿಂದ ಹೋಗುವುದು ಸುಮಾರು 11,300 ರೂ. ವರ್ಷದ ಕೊನೆಗೆ ಉಳಿದ ಸಾಲ ಸುಮಾರು 17,560. ಹೆಚ್ಚುಕಡಿಮೆ 8,900 ರೂ. ಬಡ್ಡಿ ತೆರಿಗೆಗಳ ಪಾಲು. ಕೊಂಡ ದಿನದಿಂದ ಮೊದಲ ಬಿಲ್ಲಿನವರೆಗಿನ ಬಡ್ಡಿಯನ್ನು ನಾನು ಇಲ್ಲಿ ಹಿಡಿದೇ ಇಲ್ಲ. ಬಾಕಿ ಉಳಿಸಿದವನಿಗೆ ಅದೂ ಬೀಳುತ್ತದೆ. ಅಷ್ಟೇ ಅಲ್ಲ, ಹಳೆಯ ಬಾಕಿ ಇರುವವರೆಗೆ ಹೊಸದಾಗಿ ಕೊಂಡ ಸಾಮಾನಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಬೆಳಿಗ್ಗೆ ಕೊಂಡ ಹಾಲಿಗೆ ಬೆಳಿಗ್ಗೆಯಿಂದಲೇ ಬಡ್ಡಿ.

ತಿಂಗಳಿಗೆ ಮೂರೂವರೆ ಎಂದರೆ ವರ್ಷಕ್ಕೆ ನೂರಕ್ಕೆ ನಲವತ್ತೆರಡು. ಇದಕ್ಕೆ ಕಾನೂನಿನ ಅಡ್ಡಿ ಇಲ್ಲವೇ ಎಂದು ಕೇಳುವಿರಿ. ವರ್ಷಕ್ಕೆ ನೂರಕ್ಕೆ ಮೂವತ್ತು ದಾಟಕೂಡದೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರ ಜುಲೈಯಲ್ಲಿ ತೀರ್ಪು ಕೊಟ್ಟಿತ್ತು. ಬ್ಯಾಂಕುಗಳು ಮೇಲಕ್ಕೆ ಹೋದುವು. ಹದಿನಾರು ವರ್ಷ ನಡೆದು, 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು. ಆ ಮೂವತ್ತರ ಬೇಲಿ ಈಗ ಇಲ್ಲ.

ಇನ್ನು ಸಂಬಳವೇ ನಿಂತ ಕಾಲದ ಮಾತು. 2020ರ ಮಾರ್ಚಿಯಲ್ಲಿ ಲಾಕ್‌ಡೌನು ಬಂದಾಗ ಹೊಟೆಲುಗಳ ಶಟರು ಇಳಿದುದು ತಮಗೆಲ್ಲ ನೆನಪಿದೆ. ಎಷ್ಟು ಜನ ಊರಿಗೆ ಹೋದರು, ಹೇಗೆ ಹೋದರು ಎಂಬುದನ್ನು ಇಲ್ಲಿ ಹೇಳುತ್ತ ಕೂತರೆ ಬೆಳಗಾದೀತು. ಆಗ ರಿಸರ್ವ್ ಬ್ಯಾಂಕು ಸಾಲದ ಕಂತುಗಳನ್ನು ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೆ, ಮುಂದೂಡಲು ಅನುಮತಿ ಕೊಟ್ಟಿತು. ಕಾರ್ಡಿನ ಬಾಕಿಯೂ ಅದರಲ್ಲಿ ಸೇರಿತ್ತು. ನಮ್ಮ ಅನೇಕರು ಬಡ್ಡಿಯೂ ನಿಂತಿತೆಂದು ತಿಳಿದರು. ಮುಂದೂಡಿದ್ದು ಕಂತನ್ನು, ಬಡ್ಡಿಯನ್ನಲ್ಲ. ಬಡ್ಡಿಯ ಮೇಲಿನ ಬಡ್ಡಿಯನ್ನು ಸರಕಾರ ಆಮೇಲೆ ಹಿಂತಿರುಗಿಸುವ ಏರ್ಪಾಡು ಮಾಡಿತು, ಅಸಲು ಬಡ್ಡಿ ಮಾತ್ರ ಬೆಳೆದೇ ಇತ್ತು. ಹೊಟೆಲು ಮುಚ್ಚಿದರೂ ಮುಚ್ಚದ ಅಂಗಡಿ ಅದೊಂದೇ.

ಈ ಕ್ಯಾಂಪಿನ ಬಗ್ಗೆ ಒಂದು ಮಾತು ನೆನಪಾಯಿತು. ಹಿಂದೆ ಗೋರಾ ಸಿಪಾಯಿಗಳು ಊರಿಗೆ ಮರಳುವ ಹಡಗಿಗಾಗಿ ಇಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದರಂತೆ. ಕಾದು ಕಾದು ತಲೆ ಕೆಟ್ಟವರಿಂದಾಗಿ ದೇವಳಾಲಿ ಎಂಬ ಹೆಸರೇ ಇಂಗ್ಲಿಷಿನಲ್ಲಿ ‘ಡೂಲಾಲಿ’ ಎಂದಾಗಿ, ಬುದ್ಧಿಭ್ರಮಣೆಯವ ಎಂಬ ಅರ್ಥ ಪಡೆಯಿತು. ಹಡಗು ಒಂದು ದಿನ ಬಂದೇ ಬರುತ್ತಿತ್ತು. ಮಿನಿಮಮ್ ಕಟ್ಟುತ್ತ ಸಾಲ ತೀರುವುದನ್ನು ಕಾಯುವವನ ಗತಿ ಅದಕ್ಕಿಂತ ಕಷ್ಟ.

ಎಲ್ಲಕ್ಕಿಂತ ದೊಡ್ಡ ಅನಾಹುತ ಕ್ರೆಡಿಟ್ ಕಾರ್ಡನ್ನು ಏ.ಟಿ.ಎಂ.ಗೆ ಹಾಕಿ ನೋಟು ತೆಗೆಯುವುದು. ನಾಶಿಕದಲ್ಲಿ ಒಬ್ಬ ಅಡಿಗೆಯ ತಮ್ಮ ತಂಗಿಯ ಮದುವೆಗೆಂದು ಹಾಗೆ ತೆಗೆದ. ಡೆಬಿಟ್ ಕಾರ್ಡಿನಂತೆಯೇ ಹಣ ಬಂತು, ಆದ್ದರಿಂದ ವ್ಯತ್ಯಾಸ ಹೊಳೆಯಲಿಲ್ಲ. ತೆಗೆದ ಹಣಕ್ಕೆ ನೂರಕ್ಕೆ ಎರಡೂವರೆಯಷ್ಟು ಶುಲ್ಕ, ಮತ್ತು ನೋಟು ಹೊರಬಂದ ದಿನದಿಂದಲೇ ಬಡ್ಡಿ. ಅಲ್ಲಿ ಬಡ್ಡಿಯಿಲ್ಲದ ದಿನ ಒಂದೂ ಇಲ್ಲ. ಮದುವೆಗೆ ಸಾಲ ಬೇಕೇ ಬೇಕೆಂದರೆ ಸಹಕಾರಿ ಸೊಸೈಟಿಗೆ ಹೋಗಿರಿ, ಬ್ಯಾಂಕಿನಲ್ಲಿ ಬಂಗಾರ ಇಟ್ಟು ತೆಗೆಯಿರಿ. ದರ ಕೇಳಿ ಹೋಲಿಸಿರಿ. ಕಾರ್ಡಿನಿಂದ ಮಾತ್ರ ಬೇಡ.

ಈಗ ಎದುರು ಪಕ್ಷದ ವಾದವನ್ನೂ ಹೇಳುವುದು ನ್ಯಾಯ. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ ಪಾಯಿಂಟು ಸಿಗುತ್ತದೆ ಎನ್ನುತ್ತಾರೆ. ಸಿಗುತ್ತದೆ. ನೂರಕ್ಕೆ ಒಂದು ರೂಪಾಯಿಯೆಂದೇ ಹಿಡಿಯಿರಿ. ತಿಂಗಳಿಗೆ ಐದು ಸಾವಿರದ ಸಾಮಾನು ಕೊಂಡರೆ ಐವತ್ತು ರೂಪಾಯಿ. ಒಂದು ಸಲ ದಿನ ತಪ್ಪಿ ಕಟ್ಟಿದರೆ ವರ್ಷದ ಪಾಯಿಂಟು ದಂಡಕ್ಕೇ ಸಾಲದು. ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ. ಸಾಲವನ್ನು ಸಮಯಕ್ಕೆ ತೀರಿಸಿದ ದಾಖಲೆ ಇದ್ದವನಿಗೆ ಮುಂದೆ ಮನೆ ಕಟ್ಟಲು ಸಾಲ ಸಿಗುವುದು ಸುಲಭ. ಇದು ಸುಳ್ಳಲ್ಲ. ತಿಂಗಳ ಸಂಬಳ ಖಾಯಂ ಇದ್ದು, ಪೂರ್ತಿ ಬಾಕಿ ಖಾತೆಯಿಂದ ತಾನೇ ಕಡಿತವಾಗುವಂತೆ ಬರೆದುಕೊಟ್ಟಿರುವವನು ಒಂದು ಕಾರ್ಡು ಇಟ್ಟುಕೊಂಡರೆ ನಾನು ಬೇಡವೆನ್ನುವುದಿಲ್ಲ. ಆದರೆ ಬರೆದುಕೊಡುವಾಗ ‘ಪೂರ್ತಿ’ ಎಂಬಲ್ಲಿ ಗುರುತು ಹಾಕಿರಿ, ‘ಮಿನಿಮಮ್’ ಎಂಬಲ್ಲಿ ಅಲ್ಲ. ನಮ್ಮಲ್ಲಿ ಹೆಚ್ಚಿನವರ ಕೆಲಸ ಮಳೆಗಾಲಕ್ಕೊಂದು ಹೊಟೆಲು, ದೀಪಾವಳಿಗೊಂದು ಹೊಟೆಲು. ಅಂಥವರಿಗೆ ಈ ಆಟ ಬೇಡ.

ಮೂರನೆಯ ವಾದ ಕಳ್ಳತನದ್ದು. ಡೆಬಿಟ್ ಕಾರ್ಡಿನಿಂದ ಕಳ್ಳ ತೆಗೆದರೆ ಹೋಗುವುದು ನಮ್ಮ ಅಕ್ಕಿ ಬೇಳೆಯ ಹಣ, ಕ್ರೆಡಿಟ್ ಕಾರ್ಡಿನಿಂದ ತೆಗೆದರೆ ಮೊದಲು ಹೋಗುವುದು ಬ್ಯಾಂಕಿನ ಹಣ. ಇದನ್ನು ಒಪ್ಪಲೇಬೇಕು. ಆದರೆ ಇದಕ್ಕೆ ಉಪಾಯವಿದೆ. ಎರಡು ಖಾತೆ ಇಟ್ಟುಕೊಳ್ಳಿರಿ. ಸಂಬಳದ ಖಾತೆಯ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು, ಬೇರೆ ಬ್ಯಾಂಕಿನ ಇನ್ನೊಂದು ಖಾತೆಗೆ ವಾರದ ಖರ್ಚಿನಷ್ಟು ಹಾಕಿ, ಅದರ ಕಾರ್ಡನ್ನು ಮಾತ್ರ ಅಂಗಡಿಗೆ ಒಯ್ಯಿರಿ. ಕಳ್ಳನಿಗೂ ವಾರದ ಖರ್ಚಿಗಿಂತ ಹೆಚ್ಚು ಸಿಗದು. 2021ರ ಜನವರಿಯಿಂದ ಐದು ಸಾವಿರದವರೆಗೆ ಗುಪ್ತ ಸಂಖ್ಯೆ ಒತ್ತದೆ, ಬರೀ ಮುಟ್ಟಿಸಿ ಹಣ ಕೊಡುವ ಸೌಕರ್ಯ ಬಂದಿದೆ. ಕಾರ್ಡು ಬಿದ್ದುಹೋದರೆ ಸಿಕ್ಕವನಿಗೂ ಅದೇ ಸೌಕರ್ಯ. ಬೇಡದವರು ಬ್ಯಾಂಕಿಗೆ ಹೇಳಿ ಅದನ್ನು ಮುಚ್ಚಿಸಬಹುದು.

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಆದೇಶ ಎರಡೂ ಬಗೆಯ ಕಾರ್ಡಿಗೆ ಅನ್ವಯಿಸುವಂಥದು. ನಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವನು ಹಣ ಹೊಡೆದಾಗ, ಬ್ಯಾಂಕಿನ ಸುದ್ದಿ ಬಂದು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಮಗೆ ನಷ್ಟವಿಲ್ಲ, ತಡಮಾಡಿದಷ್ಟೂ ನಷ್ಟದ ಪಾಲು ನಮ್ಮ ಮೇಲೆ ಎಂದು ಅದು ಕಟ್ಟುಮಾಡಿತು. ಫೋನಿನಲ್ಲಿ ಕೇಳಿದವನಿಗೆ ಓ.ಟಿ.ಪಿ. ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಮ್ಮದೇ. ಹಾಗಾದಾಗ ನಾಚಿಕೆಪಟ್ಟು ಕೂತುಕೊಳ್ಳಬೇಡಿರಿ. ಕೂಡಲೆ ಬ್ಯಾಂಕಿಗೂ 1930 ಎಂಬ ಸಂಖ್ಯೆಗೂ ಫೋನು ಮಾಡಿರಿ.

ಡೆಬಿಟ್ ಕಾರ್ಡಿನ ಒಂದು ಲಾಭ ನಮ್ಮ ಅನೇಕರಿಗೆ ಗೊತ್ತೇ ಇಲ್ಲ. ಜನಧನ ಖಾತೆಯ ರೂಪೇ ಕಾರ್ಡಿಗೆ ಅಪಘಾತ ವಿಮೆ ಇದೆ. 2018ರ ಆಗಸ್ಟ್ 28ರ ನಂತರ ತೆರೆದ ಖಾತೆಯಾದರೆ 2 ಲಕ್ಷ ರೂ., ಅದಕ್ಕೂ ಹಿಂದಿನದಾದರೆ 1 ಲಕ್ಷ. ಶರತ್ತು ಏನೆಂದರೆ ಅಪಘಾತಕ್ಕೆ ಮುಂಚಿನ 90 ದಿನಗಳೊಳಗೆ ಕಾರ್ಡನ್ನು ಒಂದು ಸಲವಾದರೂ ಉಪಯೋಗಿಸಿರಬೇಕು. ಟ್ರಂಕಿನ ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಕಾರ್ಡಿಗೆ ವಿಮೆಯಿಲ್ಲ. ಎರಡು ತಿಂಗಳಿಗೊಮ್ಮೆ ಅದರಿಂದ ಒಂದು ಸೇರು ಅಕ್ಕಿಯನ್ನಾದರೂ ಕೊಳ್ಳಿರಿ, ಮನೆಯವರಿಗೆ ವಿಮೆಯ ಸಂಗತಿ ತಿಳಿಸಿಡಿರಿ.

ಫೋನಿನಲ್ಲಿ ಚೌಕಟ್ಟು ಸ್ಕ್ಯಾನು ಮಾಡಿ ಕೊಡುವವರು, ನಮಗೆ ಕಾರ್ಡಿನ ಗೊಡವೆಯೇ ಇಲ್ಲ ಎನ್ನಬಹುದು. ಉಳಿತಾಯ ಖಾತೆಯಿಂದ ಕೊಡುವವರೆಗೆ ಅದೂ ಡೆಬಿಟ್ಟೇ. ಆದರೆ 2022ರಿಂದ ರೂಪೇ ಕ್ರೆಡಿಟ್ ಕಾರ್ಡನ್ನೂ ಯು.ಪಿ.ಐ.ಗೆ ಜೋಡಿಸಬಹುದಾಗಿದೆ. ಅದೇ ಫೋನು, ಅದೇ ಚೌಕಟ್ಟು, ಹೋಗುವುದು ಮಾತ್ರ ಸಾಲದ ಹಣ. ಒತ್ತುವ ಮುಂಚೆ ಯಾವ ಖಾತೆಯ ಹೆಸರು ಬಂದಿದೆ ಎಂದು ಓದಿರಿ.

ಗಲ್ಲಾದ ಈಚೆಗೆ ನಿಲ್ಲುವ ನಮ್ಮದೇ ಒಂದು ಮಾತಿದೆ. ಗಿರಾಕಿ ರೂಪೇ ಡೆಬಿಟ್ ಕಾರ್ಡಿನಲ್ಲಿ ಕೊಟ್ಟರೆ 2020ರ ಜನವರಿ 1ರಿಂದ ಮಾಲಿಕನಿಂದ ಬ್ಯಾಂಕು ಶುಲ್ಕ ಮುರಿಯುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರೆ ನೂರಕ್ಕೆ ಸುಮಾರು ಎರಡು ರೂಪಾಯಿ ಮುರಿಯುತ್ತದೆ. ಆ ಎರಡು ರೂಪಾಯಿ ಕೊನೆಗೆ ದೋಸೆಯ ಬೆಲೆಯಲ್ಲಿ ಸೇರುತ್ತದೆ, ಇಲ್ಲವೇ ನಮ್ಮ ಬೋನಸ್ಸಿನಲ್ಲಿ ಕಡಿಮೆಯಾಗುತ್ತದೆ. ಕಾರ್ಡಿನ ಮೇಲೆ ಗಿರಾಕಿ ಸೇರಿಸಿಕೊಟ್ಟ ಟಿಪ್ಸು ಮಾಲಿಕನ ಖಾತೆಗೆ ಹೋಗಿ ಅಲ್ಲೇ ಕೂರುವುದೂ ಉಂಟು. ದಿನದ ಕೊನೆಗೆ ಮಷಿನಿನ ಚೀಟಿ ನೋಡಿ ಅದನ್ನು ಕೇಳಿ ಪಡೆಯುವ ಹಕ್ಕಿನ ಬಗ್ಗೆ ಬೇರೊಂದು ಸಭೆಯನ್ನೇ ಕರೆಯಬೇಕಾಗಿದೆ.

ನಮ್ಮ ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕು ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತೆಗೆಯಿತು. ದಿನಕ್ಕೆ ಎರಡಾಣೆಯನ್ನೂ ಏಜಂಟನು ಬಾಗಿಲಿಗೆ ಬಂದು ಒಯ್ಯುತ್ತಿದ್ದ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅಂದಿನ ಏಜಂಟನು ನಮ್ಮ ಹಣ ಕೂಡಿಸಲು ಬಾಗಿಲಿಗೆ ಬಂದ. ಇಂದಿನವನು ಸಾಲ ಕೊಡಲು ಬರುತ್ತಾನೆ. ಬೇಡವೆಂದರೂ ಕಾರ್ಡು ಕಳಿಸಿದರೆ ಹೆದರಬೇಡಿರಿ. ಕೇಳದೆ ಕಾರ್ಡು ಕೊಡಕೂಡದು, ಕೊಟ್ಟು ಬಿಲ್ಲು ಹಾಕಿದರೆ ಅದನ್ನು ರದ್ದುಮಾಡಿ ಎರಡರಷ್ಟು ದಂಡ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2022ರ ಏಪ್ರಿಲಿನಲ್ಲಿ ಆಜ್ಞೆ ಮಾಡಿತು. ಬಾಕಿ ಪೂರ್ತಿ ತೀರಿಸಿ ಕಾರ್ಡು ಮುಚ್ಚಿರೆಂದು ಕೇಳಿದವನದನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂ. ಕೊಡಬೇಕೆಂದೂ ಅದರಲ್ಲೇ ಇತ್ತು. ಅರ್ಜಿ ಬರೆದು, ತಾರೀಖು ಹಾಕಿ, ಪ್ರತಿಯನ್ನು ಇಟ್ಟುಕೊಳ್ಳಿರಿ.

ಮುಂದಿನ ಸೋಮವಾರದಿಂದ ರಾತ್ರಿ ಹೊಟೆಲು ಮುಚ್ಚಿದ ಮೇಲೆ ಒಂದು ತಾಸು ನಾನು ಇಲ್ಲೇ ಕೂತಿರುತ್ತೇನೆ. ಬಾಕಿ ಇದ್ದವರು ಕಳೆದ ಮೂರು ತಿಂಗಳ ಬಿಲ್ಲು ತನ್ನಿರಿ, ಕೂಡಿ ಲೆಕ್ಕ ನೋಡೋಣ, ಕಾರ್ಡು ಮುಚ್ಚಿಸುವವರಿಗೆ ಅರ್ಜಿ ಬರೆದುಕೊಡೋಣ. ಇಂಗ್ಲಿಷು ಓದಲು ಬರುವ ಇಬ್ಬರು ಹುಡುಗರು ಸಹಾಯಕ್ಕೆ ಒಪ್ಪಿದ್ದಾರೆ. ಬಿಲ್ಲು ಮಾತ್ರ ತನ್ನಿರಿ. ಗುಪ್ತ ಸಂಖ್ಯೆಯನ್ನು ನನಗೂ ಹೇಳಬೇಡಿರಿ.