ಬಾಯಲ್ಲಿ ಹೇಳುವ ಪರೀಕ್ಷೆ, ಕೈಯಲ್ಲಿ ಬರೆಯುವ ಪರೀಕ್ಷೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದೇಶದಲ್ಲಿ ಓದಿದ ಅನುಭವ ಹೇಳಬೇಕು ಎಂದು ಸಮಿತಿಯವರು ಕೇಳಿದರು. ಹಿಮ, ಪಿಜ್ಜಾ, ರೈಲು ಇವೆಲ್ಲ ನಿಮ್ಮ ಮೊಬೈಲಿನಲ್ಲೇ ಬೇಕಾದಷ್ಟು ಸಿಗುತ್ತವೆ. ಹಾಗಾಗಿ ನಾನು ಪರೀಕ್ಷೆಯ ಬಗ್ಗೆ ಮಾತ್ರ ಮಾತಾಡುತ್ತೇನೆ. ಪರೀಕ್ಷೆ ಎಂದ ಕೂಡಲೇ ಮುಂದಿನ ಸಾಲಿನ ಹತ್ತನೇ ತರಗತಿಯವರು ತಲೆ ತಗ್ಗಿಸಿದ್ದು ಇಲ್ಲಿಂದಲೇ ಕಂಡಿತು. ಹೆದರಬೇಡಿ, ಇವತ್ತು ಯಾರನ್ನೂ ಎಬ್ಬಿಸಿ ನಿಲ್ಲಿಸುವುದಿಲ್ಲ.

ನಾನು ಇಟಲಿಯ ಉತ್ತರ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ನೀರಿಗೆ ಸಂಬಂಧಿಸಿದ ಎಂಜಿನಿಯರಿಂಗ್ ಓದಿದೆ. ಪಾಠ ಇಂಗ್ಲಿಷಿನಲ್ಲಿ. ಆ ದೇಶದಲ್ಲಿ ಬಹಳಷ್ಟು ವಿಷಯಗಳಿಗೆ ಮೌಖಿಕ ಪರೀಕ್ಷೆಯೇ ಮುಖ್ಯ. ಕೆಲವಕ್ಕೆ ಮೊದಲು ಬರೆಯಬೇಕು, ಅದರಲ್ಲಿ ದಾಟಿದವರಿಗೆ ಆಮೇಲೆ ಬಾಯಿಪರೀಕ್ಷೆ. ನಮ್ಮ ಕಾಲೇಜುಗಳ ವೈವಾದಂತೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಹೊರಗಿನಿಂದ ಬಂದವರು ರೆಕಾರ್ಡ್ ಪುಸ್ತಕ ತಿರುವಿ ಹಾಕಿ, ಎರಡು ಪ್ರಶ್ನೆ ಕೇಳಿ, ಊಟಕ್ಕೆ ಹೊರಡುತ್ತಾರೆ. ಅಲ್ಲಿ ಇಡೀ ಸೆಮಿಸ್ಟರಿನ ಓದಿನ ಅಂಕ ಆ ಅರ್ಧ ಗಂಟೆಯ ಮಾತಿನ ಮೇಲೆ ನಿಂತಿರುತ್ತದೆ.

ನಡೆಯುವ ರೀತಿ ಹೀಗೆ. ಹೆಸರು ಕರೆಯುತ್ತಾರೆ. ಹೋಗಿ ಮೇಜಿನ ಎದುರು ಕೂರಬೇಕು. ಆಚೆ ಬದಿಯಲ್ಲಿ ಪಾಠ ಮಾಡಿದ ಅಧ್ಯಾಪಕರೇ ಇರುತ್ತಾರೆ, ಜೊತೆಗೆ ಇನ್ನೊಬ್ಬರು. ಒಂದು ಬಿಳಿ ಹಾಳೆ, ಒಂದು ಪೆನ್ನು. ನನಗೆ ಎಲ್ಲಕ್ಕಿಂತ ವಿಚಿತ್ರ ಅನಿಸಿದ್ದು ಬಾಗಿಲು ಹಾಕದೇ ಇರುವುದು. ಪರೀಕ್ಷೆ ಅಲ್ಲಿ ಬಹಿರಂಗ. ಯಾರು ಬೇಕಾದರೂ ಹಿಂದೆ ಕೂತು ಕೇಳಬಹುದು. ಮುಂದಿನ ತಿಂಗಳು ಪರೀಕ್ಷೆ ಕೊಡುವವರು ಬಂದು, ಯಾವ ಪ್ರಶ್ನೆ ಬರುತ್ತದೆ ಎಂದು ನೋಟ್ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಯಾರೂ ಬೇಡ ಅನ್ನುವುದಿಲ್ಲ. ನಮ್ಮಲ್ಲಾದರೆ ಇದಕ್ಕೆ ಪೊಲೀಸರು ಬರುತ್ತಾರೆ!

ಅಂಕ 30ಕ್ಕೆ. 18 ಬಂದರೆ ಪಾಸು. 30 ಬಂದವರಲ್ಲಿ ಇನ್ನೂ ಮೆಚ್ಚುಗೆಯಾದವರಿಗೆ 30ರ ಜೊತೆ ಒಂದು ಗೌರವದ ಮಾತು ಸೇರಿಸುತ್ತಾರೆ. ಸಾಮಾನ್ಯವಾಗಿ ಅಂಕವನ್ನು ಅಲ್ಲೇ ಮುಖಕ್ಕೆ ಹೇಳುತ್ತಾರೆ, ಆಮೇಲೆ 'ಒಪ್ಪುತ್ತೀಯಾ?' ಎಂದು ಕೇಳುತ್ತಾರೆ. ಬೇಡ ಅನ್ನಬಹುದು. ನನ್ನ ಜೊತೆಯ ಇಟಲಿಯ ಹುಡುಗನೊಬ್ಬ 24 ಬಂದಾಗ ಬೇಡ ಎಂದು ಎದ್ದು ಹೋದ, ಮುಂದಿನ ಸರದಿಗೆ ಮತ್ತೆ ಬಂದು 28 ತೆಗೆದ. ಅವನ ಮನೆ ಅದೇ ಊರಲ್ಲಿತ್ತು, ಊಟ ಅಮ್ಮನ ಕೈಯದು. ನನಗೆ ಆ ಧೈರ್ಯ ಇರಲಿಲ್ಲ. ನನ್ನ ವಿದ್ಯಾರ್ಥಿವೇತನ ಉಳಿಯಬೇಕಾದರೆ ಬೇಸಿಗೆ ಮುಗಿಯುವುದರೊಳಗೆ ಇಷ್ಟು ಕ್ರೆಡಿಟ್ ಆಗಲೇಬೇಕು ಎಂಬ ಷರತ್ತಿತ್ತು. ಆ ಹಣ ನಿಂತರೆ ನಾನು ಈ ಊರಿಗೆ ವಾಪಸ್ಸು ಬರುವುದೇ. ಮನೆಯಲ್ಲಿ ಅಪ್ಪ ಟಿಕೆಟ್ಟಿಗಾಗಿ ಮಾಡಿದ ಸಾಲ ಆಗಿನ್ನೂ ಹಾಗೇ ಇತ್ತು. ಒಪ್ಪುವ, ಬಿಡುವ ಹಕ್ಕು ಎಲ್ಲರಿಗೂ ಒಂದೇ. ಆದರೆ ಅದನ್ನು ಬಳಸುವ ಶಕ್ತಿ ಒಂದೇ ಅಲ್ಲ.

ಮೊದಲ ಮೌಖಿಕ ಪರೀಕ್ಷೆ ಜಲವಿಜ್ಞಾನದ್ದು. ಮಳೆ ಬಿದ್ದ ಮೇಲೆ ಹಳ್ಳದಲ್ಲಿ ನೀರು ಹೇಗೆ ಏರಿ ಇಳಿಯುತ್ತದೆ, ಗೆರೆ ಎಳೆದು ತೋರಿಸು ಅಂದರು. ಎಳೆದೆ. ವ್ಯಾಖ್ಯೆಯನ್ನು ಪುಸ್ತಕದಲ್ಲಿದ್ದ ಹಾಗೇ ಒಪ್ಪಿಸಲು ಶುರು ಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು. 'ಅದು ನನಗೂ ಗೊತ್ತು. ಈ ನಡುವೆ ಒಂದು ಕೆರೆ ಬಂದರೆ ನಿನ್ನ ಗೆರೆ ಏನಾಗುತ್ತದೆ?'

ಕೆರೆ! ನಮ್ಮೂರಿನ ಕೆರೆ ಕಣ್ಣ ಮುಂದೆ ಬಂತು. ಮಳೆ ಜೋರಾದ ದಿನ ನೀರು ಮೊದಲು ಕೆರೆಯಲ್ಲಿ ಹರಡುತ್ತದೆ, ಮೇಲೇರುತ್ತದೆ, ಆಮೇಲೆ ಕೋಡಿ ಬೀಳುತ್ತದೆ. ಕೋಡಿಯಲ್ಲಿ ಹರಿಯುವ ನೀರು ಒಳಗೆ ಬಂದಷ್ಟೇ ರಭಸವಾಗಿ ಹೊರಡುವುದಿಲ್ಲ, ತಡವಾಗಿ, ನಿಧಾನವಾಗಿ ಹೋಗುತ್ತದೆ. ಹಾಗಾಗಿ ಗೆರೆಯ ತುದಿ ತಗ್ಗುತ್ತದೆ, ಬಲಕ್ಕೆ ಸರಿಯುತ್ತದೆ. ಇದನ್ನು ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬಿಡಲಿಲ್ಲ. ಕೆರೆಯಲ್ಲಿ ಹೂಳು ತುಂಬಿದರೆ? ಮೇಲಿನ ಜಮೀನಿನಲ್ಲೆಲ್ಲ ಮನೆ ಕಟ್ಟಿದರೆ? ಒಂದೊಂದಕ್ಕೂ ಗೆರೆ ತಿದ್ದುತ್ತಾ ಹೋದೆ. ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ. 27 ಕೊಟ್ಟರು. ಬರೆಯುವ ಪರೀಕ್ಷೆಯಾಗಿದ್ದರೆ ನಾನು ವ್ಯಾಖ್ಯೆ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ನಾನು ಕೆರೆ ನೋಡಿ ಬೆಳೆದವಳು ಎಂಬುದು ಆ ಹಾಳೆಗೆ ಯಾವತ್ತೂ ತಿಳಿಯುತ್ತಿರಲಿಲ್ಲ.

ಇಷ್ಟು ಕೇಳಿ ಬಾಯಿಪರೀಕ್ಷೆಯೇ ಶ್ರೇಷ್ಠ ಎಂದು ತೀರ್ಮಾನ ಮಾಡಬೇಡಿ. ಬೆಳಿಗ್ಗೆ ಮೊದಲು ಕೂತವರಿಗೆ ಒಂದು ಪ್ರಶ್ನೆ, ಸಂಜೆ ಕೊನೆಯವರಿಗೆ ಇನ್ನೊಂದು. ಯಾವುದು ಸುಲಭ, ಯಾವುದು ಕಷ್ಟ ಎಂದು ತೂಗುವ ತಕ್ಕಡಿ ಇಲ್ಲ. ಕೇಳುವವರೂ ಮನುಷ್ಯರೇ, ದಣಿಯುತ್ತಾರೆ. ಮಾತು ಚೆನ್ನಾಗಿ ಬಲ್ಲವರು ಗೊತ್ತಿಲ್ಲದ್ದನ್ನೂ ಗೊತ್ತಿರುವ ಹಾಗೆ ಸಾಗಿಸಿಬಿಡುತ್ತಾರೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಮೆಲುದನಿಯವರು, ಭಾಷೆ ತಡವರಿಸುವವರು ಗೊತ್ತಿದ್ದೂ ಸೋಲುತ್ತಾರೆ. ಆಡಿದ ಮಾತಿಗೆ ಛಾಯಾಪ್ರತಿ ತೆಗೆಸಲು ಆಗುವುದಿಲ್ಲ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲೂ ಆಗುವುದಿಲ್ಲ.

ನಮ್ಮ ಎಸ್ಸೆಸ್ಸೆಲ್ಸಿಯನ್ನು ನೋಡಿ. ಉತ್ತರಪತ್ರಿಕೆ ನಮ್ಮನ್ನು ಕಂಡೇ ಇರದ ಮೇಷ್ಟ್ರ ಮುಂದೆ ಹೋಗುತ್ತದೆ. ಈ ಮಗು ಯಾರ ಮನೆಯದು, ಯಾವ ಕೇರಿಯದು, ಕಾಲಿಗೆ ಚಪ್ಪಲಿ ಇತ್ತೋ ಇಲ್ಲವೋ, ಅವರಿಗೆ ಗೊತ್ತಿಲ್ಲ. ಬರೆದದ್ದಕ್ಕೆ ಅಂಕ, ಅಷ್ಟೇ. ಈ ಗೋಡೆಯ ಮೇಲಿನ ಫಲಕದಲ್ಲಿ ಹೆಸರಿರುವ ಎಷ್ಟೋ ಜನರನ್ನು, ಮುಖಾಮುಖಿ ಪರೀಕ್ಷೆ ಆಗಿದ್ದರೆ ಆಗಿನ ಕಾಲದಲ್ಲಿ ಕುರ್ಚಿಯ ಮೇಲೆ ಕೂರಿಸುತ್ತಿದ್ದರೋ ಇಲ್ಲವೋ, ಹಿರಿಯರೇ, ನೀವೇ ಯೋಚಿಸಿ. ಈ ಒಂದು ಕಾರಣಕ್ಕೆ ನಾನು ಬರೆಯುವ ಪರೀಕ್ಷೆಯನ್ನು ಯಾವತ್ತೂ ಬಿಟ್ಟುಕೊಡುವವಳಲ್ಲ.

ಹಿಂದೆ ಯುರೋಪಿನಲ್ಲೆಲ್ಲ ಪರೀಕ್ಷೆ ಅಂದರೆ ಬಾಯಿಮಾತೇ. 1222ರಲ್ಲಿ ಶುರುವಾದ ಪಡುವಾ ವಿಶ್ವವಿದ್ಯಾಲಯವನ್ನು ನೋಡಲು ಒಮ್ಮೆ ಹೋಗಿದ್ದೆ, ಗೆಲಿಲಿಯೋ ಹದಿನೆಂಟು ವರ್ಷ ಪಾಠ ಮಾಡಿದ ಜಾಗ. ಅಲ್ಲಿ ಮೆಟ್ಟಿಲ ಬಳಿ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಎಂಬ ಹೆಣ್ಣುಮಗಳ ಪ್ರತಿಮೆ ಇದೆ. 1678ರಲ್ಲಿ ಆಕೆ ತತ್ವಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದಳು. ಆಕೆಯ ಪರೀಕ್ಷೆ ಕೇಳಲು ಎಷ್ಟು ಜನ ಸೇರಿದರೆಂದರೆ ವಿಶ್ವವಿದ್ಯಾಲಯದಲ್ಲಿ ಜಾಗ ಸಾಲದೆ ಊರಿನ ದೊಡ್ಡ ಚರ್ಚಿನಲ್ಲಿ ನಡೆಸಿದರು. ಅರಿಸ್ಟಾಟಲನ ಗ್ರಂಥದಿಂದ ಆರಿಸಿ ಕೊಟ್ಟ ಭಾಗಗಳನ್ನು ಲ್ಯಾಟಿನ್ನಿನಲ್ಲಿ ವಿವರಿಸಿದಳು. ನಮ್ಮ ಶೃಂಗೇರಿಯ ವಾಕ್ಯಾರ್ಥ ಸಭೆಯ ನೆನಪಾಯಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲೂ ಮೊದಲು ವಾದವೇ ಪರೀಕ್ಷೆ, ನಿಧಾನವಾಗಿ ಅದು ಬರವಣಿಗೆಯ ಕಡೆ ತಿರುಗಿತು. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದರಾಸುಗಳಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ವಿಶ್ವವಿದ್ಯಾಲಯಗಳು ಬಂದಾಗ ನಮಗೂ ಪರೀಕ್ಷೆ ಅಂದರೆ ಬರೆಯುವುದು ಎಂದಾಯಿತು.

ಗುರುಗಳೇ, ನಿಮ್ಮಲ್ಲಿ ಒಂದು ವಿನಂತಿ. ಈ ಶಾಲೆಯಲ್ಲಿ ನಮಗೆ ಬರೆಯುವುದನ್ನು ಅಚ್ಚುಕಟ್ಟಾಗಿ ಕಲಿಸಿದಿರಿ. ಆ ಅಭ್ಯಾಸ ಇಟಲಿಯಲ್ಲೂ ನನ್ನನ್ನು ಕಾಪಾಡಿತು, ಬರೆಯುವ ಪರೀಕ್ಷೆಗಳಲ್ಲಿ ನನಗೆ ಕಷ್ಟವೇ ಆಗಲಿಲ್ಲ. ಆದರೆ ತರಗತಿಯಲ್ಲಿ ಎದ್ದು ನಿಲ್ಲುವುದು ಅಂದರೆ ನಮಗೆ ಕಂಠಪಾಠ ಒಪ್ಪಿಸಲು, ಇಲ್ಲವೇ ಬೈಸಿಕೊಳ್ಳಲು. ಒಂದು ಉತ್ತರ ಹೇಳಿದ ಮೇಲೆ 'ಹಾಗಾದರೆ ಇದು?' ಎಂಬ ಎರಡನೆಯ ಪ್ರಶ್ನೆ ಬರುತ್ತಿರಲಿಲ್ಲ. ಐವತ್ತು ಅರವತ್ತು ಮಕ್ಕಳಿರುವ ತರಗತಿಯಲ್ಲಿ ನಲವತ್ತು ನಿಮಿಷದ ಪೀರಿಯಡ್ಡಿಗೆ ಅದು ಕಷ್ಟ ಎಂದು ಬಲ್ಲೆ. ಅದಕ್ಕೆ ಹಳೆಯ ವಿದ್ಯಾರ್ಥಿಗಳಾದ ನಾವು ಕೆಲವರು ಸೇರಿ ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿದ್ದೇವೆ. ತಿಂಗಳಿಗೊಂದು ಶನಿವಾರ ನಾಲ್ಕೈದು ಜನ ಬರುತ್ತೇವೆ. ಒಂಬತ್ತನೇ ತರಗತಿಯ ಮಕ್ಕಳು ಐದೈದು ಜನರ ಗುಂಪಾಗಿ ನಮ್ಮ ಮುಂದೆ ಕೂರಬೇಕು, ಕನ್ನಡದಲ್ಲೇ ಮಾತಾಡಬೇಕು. ಅಂಕ ಇಲ್ಲ. ಬಾಗಿಲು ತೆರೆದಿರುತ್ತದೆ, ತಾಯಂದಿರೂ ಬಂದು ಕೇಳಬಹುದು.

ಮೊದಲನೆಯದು ಬರುವ ಶನಿವಾರ, ಬೆಳಗಿನ ತರಗತಿ ಮುಗಿದ ಮೇಲೆ. ವಿಷಯ ನಮ್ಮ ಕೆರೆ. ಮಕ್ಕಳೇ, ಬರುವ ಮುಂಚೆ ಒಮ್ಮೆ ಕೋಡಿಯ ಹತ್ತಿರ ಹೋಗಿ ನೋಡಿಕೊಂಡು ಬನ್ನಿ.